ಮನುಷ್ಯರಲ್ಲಿ ಲಾಡಿಹುಳು: ಪತ್ತೆ ಹಚ್ಚುವ ಬಗೆ

(ಒಕ್ಕೂಟದ ತರಬೇತಿ ಕೇಂದ್ರದಲ್ಲಿ ನಡೆದ ಸಂಘಗಳ ಕಾರ್ಯದರ್ಶಿಗಳ ಮತ್ತು ಮಹಿಳಾ ಸದಸ್ಯರ ಶಿಬಿರದಲ್ಲಿ ನಿವೃತ್ತ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ದನಕರುಗಳ ವಿಚಾರ ಮಾತನಾಡಬೇಕಾದ ಶಿಬಿರದಲ್ಲಿ ಮನುಷ್ಯರ ಡಾಕ್ಟರಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕರುವಿನ ಸಗಣಿಯಲ್ಲಿ, ಕುರಿಮರಿಯ ಹಿಕ್ಕೆಯಲ್ಲಿ ಬೆಂದ ಅನ್ನದ ಅಗುಳಿನಂಥ ಬಿಳಿ ತುಣುಕುಗಳನ್ನು ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ನೋಡಿ, ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ಅದು ಲಾಡಿಹುಳುವಿನ ತುಂಡು. ಕಂಡ ದಿನವೇ ನೀವು ಪಶುವೈದ್ಯರಿಗೆ ಹೇಳುತ್ತೀರಿ, ಔಷಧಿ ಕುಡಿಸುತ್ತೀರಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಈಗ ಎರಡನೆಯ ಪ್ರಶ್ನೆ. ಅಂಥದೇ ತುಣುಕು ನಿಮ್ಮ ಮನೆಯವರ ಮಲದಲ್ಲಿ ಕಂಡರೆ ಯಾರಿಗೆ ಹೇಳುತ್ತೀರಿ? ಈ ಪ್ರಶ್ನೆಗೆ ಕೈ ಎತ್ತಬೇಕಾಗಿಲ್ಲ. ಉತ್ತರ ನನಗೆ ಗೊತ್ತಿದೆ. ಯಾರಿಗೂ ಹೇಳುವುದಿಲ್ಲ.

ನಾನು ಇಂದು ಹೇಳಲು ಬಂದಿರುವುದು ಈ ಎರಡನೆಯ ತುಣುಕಿನ ವಿಚಾರ. ಅದನ್ನು ಕಂಡವರು ಬಾಯಿ ಬಿಡದಿದ್ದರೆ ನಮ್ಮ ಬಡ ದೇಶಗಳ ಆಸ್ಪತ್ರೆಗಳಲ್ಲಿ ಈ ರೋಗ ಪತ್ತೆಯಾಗುವುದು ಬಹಳ ಕಷ್ಟ. ಆಸ್ಪತ್ರೆಯಲ್ಲಿ ಯಂತ್ರ ಇದ್ದರೂ ಕಷ್ಟವೇ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ, ಇಲ್ಲದಿದ್ದರೆ ನಾಳೆಯಿಂದ ಡೇರಿಗೆ ಹಾಲು ಹಾಕುವವರಿಗೂ ಕೊಳ್ಳುವವರಿಗೂ ಸಂಶಯ ಹುಟ್ಟೀತು. ಲಾಡಿಹುಳು ಹಾಲಿನ ಮೂಲಕ ಬರುವುದಿಲ್ಲ. ಹಾಲನ್ನು ಕಾಯಿಸಿ ಕುಡಿಯಬೇಕೆನ್ನುವುದು ಬೇರೆ ರೋಗಗಳ ಕಾರಣಕ್ಕೆ. ಕರುವಿನ ಸಗಣಿಯಲ್ಲಿ ನೀವು ಕಾಣುವ ಲಾಡಿಹುಳುವಿನ ಜಾತಿಯೂ ಬೇರೆ, ಅದು ಮನುಷ್ಯರಿಗೆ ಅಂಟುವುದಿಲ್ಲ.

ಮನುಷ್ಯರ ಕರುಳಿನಲ್ಲಿ ಬೆಳೆಯುವ ಉದ್ದನೆಯ ಲಾಡಿಹುಳುಗಳಲ್ಲಿ ಎರಡು ಮುಖ್ಯ. ಒಂದು ದನದ ಮಾಂಸದಿಂದ ಬರುವುದು, ಇನ್ನೊಂದು ಹಂದಿಯ ಮಾಂಸದಿಂದ ಬರುವುದು. ಸರಿಯಾಗಿ ಬೇಯದ ಮಾಂಸದಲ್ಲಿರುವ ಗುಳ್ಳೆಯನ್ನು ತಿಂದವರ ಕರುಳಿನಲ್ಲಿ ಅದು ಹಲವು ಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಬಾಲದ ಕಡೆಯಿಂದ ತುಂಡು ತುಂಡಾಗಿ ಕಳಚಿಕೊಂಡು ಮಲದಲ್ಲಿ ಹೊರಗೆ ಬರುತ್ತದೆ. ಹಂದಿಯ ಲಾಡಿಹುಳುವಿನ ಬಲಿತ ಒಂದು ತುಂಡಿನಲ್ಲಿ 50,000ದಷ್ಟು ಮೊಟ್ಟೆಗಳಿರಬಹುದು. ಬಯಲಿನಲ್ಲಿ ಬಿದ್ದ ಆ ಮಲವನ್ನು ತಿಂದ ಹಂದಿಯ ಮೈಯಲ್ಲಿ ಮತ್ತೆ ಗುಳ್ಳೆಗಳು. ದನದ ಹುಳುವಿನದೂ ಇದೇ ಚಕ್ರ. ಬಯಲಿನಲ್ಲಿ ಮೇಯುವ ದನಕ್ಕೆ ಅದು ತಗಲುವುದು ನಮ್ಮಿಂದ. ರೋಗ ಯಾವಾಗಲೂ ದನದಿಂದಲೇ ಬರುತ್ತದೆ ಎಂದು ದೂರುವವರು ಇದನ್ನು ಗಮನಿಸಬೇಕು.

ದನದ ಹುಳು ಹೊಟ್ಟೆಯಲ್ಲಿದ್ದರೆ ಮುಜುಗರವೇ ಹೊರತು ಜೀವಕ್ಕೆ ದೊಡ್ಡ ಅಪಾಯವಿಲ್ಲ. ಹಂದಿಯ ಹುಳುವಿನ ಕಥೆ ಬೇರೆ. ಅದರ ಮೊಟ್ಟೆ ಮನುಷ್ಯನ ಬಾಯಿಗೆ ಹೋದರೆ ಹಂದಿಯ ಮೈಯಲ್ಲಿ ಆಗುವುದೇ ಮನುಷ್ಯನ ಮೈಯಲ್ಲೂ ಆಗುತ್ತದೆ. ಮರಿ ಹೊರಬಂದು ರಕ್ತದಲ್ಲಿ ಸೇರಿ ಮಾಂಸಖಂಡಕ್ಕೆ, ಕಣ್ಣಿಗೆ, ಮೆದುಳಿಗೆ ಹೋಗಿ ಗುಳ್ಳೆಯಾಗಿ ಕೂರುತ್ತದೆ. ಮೆದುಳಿನಲ್ಲಿ ಕೂತರೆ ಬರುವುದು ಮೂರ್ಛೆ, ನಮ್ಮ ಕಡೆ ಹೇಳುವಂತೆ ಫಿಟ್ಸ್. ಈ ಹುಳು ಇರುವ ಪ್ರದೇಶಗಳಲ್ಲಿ ಅಪಸ್ಮಾರದ ಸುಮಾರು ನೂರಕ್ಕೆ 30 ಪ್ರಕರಣಗಳಿಗೆ ಇದೇ ಕಾರಣ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

"ನಾವು ಹಂದಿ ತಿನ್ನುವವರಲ್ಲ ಸ್ವಾಮಿ, ನಮಗೆಲ್ಲಿಂದ ಬಂತು?" ಎಂದು ಎಷ್ಟು ಜನ ನನ್ನ ಮೇಲೆ ಸಿಟ್ಟಾಗಿದ್ದಾರೋ ಲೆಕ್ಕವಿಲ್ಲ. ಮಾಂಸ ತಿಂದವರಿಗೆ ಬರುವುದು ಹೊಟ್ಟೆಯ ಹುಳು. ಮೆದುಳಿನ ಗುಳ್ಳೆ ಬರುವುದು ಮೊಟ್ಟೆಯಿಂದ. ಹೊಟ್ಟೆಯಲ್ಲಿ ಹುಳು ಇರುವವರು ಕೈ ತೊಳೆಯದೆ ಅಡಿಗೆ ಮಾಡಿದರೆ, ಬಡಿಸಿದರೆ, ಮೊಟ್ಟೆ ಉಂಡವರ ಹೊಟ್ಟೆಗೆ ಹೋಗುತ್ತದೆ. ಕೊಚ್ಚೆ ನೀರು ಹಾಯಿಸಿದ ಸೊಪ್ಪು ತರಕಾರಿಯ ಮೂಲಕವೂ ಹೋಗಬಹುದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹಂದಿಯನ್ನು ಮುಟ್ಟದ ಸಂಪ್ರದಾಯಸ್ಥ ಯೆಹೂದಿ ಮನೆತನಗಳಲ್ಲಿ ನಾಲ್ವರಿಗೆ ಈ ಮೆದುಳಿನ ಗುಳ್ಳೆ ಬಂದದ್ದು 1992ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಳು ಇರುವ ದೇಶಗಳಿಂದ ಬಂದು ಮನೆಗೆಲಸಕ್ಕಿದ್ದವರಿಂದ ಅದು ಬಂದಿರಬೇಕೆಂದು ತನಿಖೆ ಮಾಡಿದವರು ಹೇಳಿದರು. ಹುಳು ಇದ್ದವರು ತಾವೇ ತಮ್ಮ ಕೈಯಿಂದ ಮೊಟ್ಟೆ ನುಂಗುವುದೂ ಉಂಟು. ಹೀಗಾಗಿ ಜಾತಿ, ಊಟದ ಪದ್ಧತಿ ಕೇಳಿ ಈ ರೋಗ ಇಲ್ಲ ಎನ್ನುವ ಹಾಗಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸುಮಾರು 35 ವರ್ಷಗಳ ಹಿಂದಿನ ಮಾತು. ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಒಂಬತ್ತು ವರ್ಷದ ಒಬ್ಬ ಹುಡುಗನನ್ನು ಅವನ ತಾಯಿ ಎತ್ತಿಕೊಂಡು ಬಂದರು. ಎರಡು ಎಮ್ಮೆ ಸಾಕಿ ಸಂಘಕ್ಕೆ ಹಾಲು ಹಾಕುತ್ತಿದ್ದ ಹೆಣ್ಣುಮಗಳು. ಶಾಲೆಯಲ್ಲಿ ಹುಡುಗನ ಬಲಗೈ ಸೆಳೆದುಕೊಂಡು, ಆಮೇಲೆ ಮೈಯೆಲ್ಲ ನಡುಗಿ ಜ್ಞಾನ ತಪ್ಪಿತ್ತು. ಊರಿನಲ್ಲಿ ಕಬ್ಬಿಣದ ಬೀಗದ ಕೈ ಹಿಡಿಸಿ, ಈರುಳ್ಳಿ ಮೂಸಿಸಿ, ಯಂತ್ರ ಕಟ್ಟಿಸಿ ಎರಡು ತಿಂಗಳು ಕಳೆದಿದ್ದರು. ನಾನು ಮೂರು ಸಲ ಹುಡುಗನ ಮಲಪರೀಕ್ಷೆ ಮಾಡಿಸಿದೆ. ಏನೂ ಸಿಗಲಿಲ್ಲ. ಬೆಂಗಳೂರಿಗೆ ಕಳಿಸಿ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅದಕ್ಕಾಗಿ ಒಂದು ಎಮ್ಮೆ ಮಾರಿದರೆಂದು ಆಮೇಲೆ ತಿಳಿಯಿತು. ಸ್ಕ್ಯಾನಿನಲ್ಲಿ ಒಂದು ಸಣ್ಣ ಉಂಗುರದಂಥ ಕಲೆ. ಆಗಿನ ರೂಢಿಯಂತೆ ಅದು ಮೆದುಳಿನ ಕ್ಷಯದ ಗಂಟು ಎಂದು ತೀರ್ಮಾನವಾಯಿತು. ಹುಡುಗ ಒಂದು ವರ್ಷ ಕ್ಷಯದ ಮಾತ್ರೆ ನುಂಗಿದ.

ಆ ವರ್ಷ ಮುಗಿಯುವ ಮೊದಲೇ ಅವನ ತಂಗಿಗೂ ಫಿಟ್ಸ್ ಬಂತು. ಆಗ ನನಗೆ ಗಾಬರಿಯಾಯಿತು. ತಾಯಿಯನ್ನು ಒಬ್ಬಳನ್ನೇ ಕೂರಿಸಿ, "ಏನಮ್ಮ, ಮನೆಯಲ್ಲಿ ಯಾರಿಗಾದರೂ ಮಲದಲ್ಲಿ ಲಾಡಿಯಂಥದ್ದು, ಬಿಳಿ ಪಟ್ಟಿಯಂಥದ್ದು ಬೀಳುತ್ತದೆಯಾ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಲೆ ಬಗ್ಗಿಸಿಕೊಂಡೇ, "ನಮ್ಮ ಮೈದುನನಿಗೆ ಬೀಳುತ್ತೆ ಅಂತ ಅವನ ಹೆಂಡತಿ ಹೇಳಿದ್ದಳು ಡಾಕ್ಟ್ರೇ. ಒಂದು ವರ್ಷದ ಮೇಲಾಯಿತು. ಇದನ್ನೆಲ್ಲ ಹೇಳೋದು ಹೇಗೆ?" ಎಂದರು. ಮೈದುನ ಮದುವೆ ಮನೆಗಳಲ್ಲಿ ಅಡಿಗೆಗೆ ಹೋಗುವವನು. ಮನೆಯಲ್ಲೂ ಮಕ್ಕಳಿಗೆ ಅಕ್ಕರೆಯಿಂದ ಕಲಸಿ ತುತ್ತು ಕೊಡುವವನು ಅವನೇ.

ಹುಡುಗನ ಮಲದಲ್ಲಿ ಏನೂ ಸಿಗದೇ ಇದ್ದದ್ದು ಏಕೆ ಎಂದು ಈಗ ನಿಮಗೂ ಹೊಳೆದಿರಬೇಕು. ಹುಳು ಅವನ ಹೊಟ್ಟೆಯಲ್ಲಿ ಇರಲೇ ಇಲ್ಲ, ಚಿಕ್ಕಪ್ಪನ ಹೊಟ್ಟೆಯಲ್ಲಿತ್ತು. ನಾನು ಪರೀಕ್ಷೆ ಮಾಡಿಸಿದ್ದು ಸರಿಯಾಗಿಯೇ ಇತ್ತು, ಮಾಡಿಸಿದ ಮನುಷ್ಯ ಮಾತ್ರ ಬೇರೆ. ಮೊದಲ ದಿನವೇ ಆ ಒಂದು ಪ್ರಶ್ನೆ ಕೇಳಿದ್ದರೆ? ತಂಗಿ ಆ ಮೊದಲೇ ಮೊಟ್ಟೆ ನುಂಗಿದ್ದಳೋ ಏನೋ, ಹೇಳಲಾಗದು. ಮೊಟ್ಟೆ ನುಂಗಿದ ಮೇಲೆ ಫಿಟ್ಸ್ ಬರಲು ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಆದರೂ ಆ ಪ್ರಶ್ನೆ ಕೇಳದೆ ಕಳೆದ ಒಂದು ವರ್ಷ ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತದೆ.

ಮಲಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಳ್ಳಿಗೆ ಹತ್ತಿರದಲ್ಲಿ ಸಿಗುವುದು ಅದೊಂದೇ. ಸಂಘದಲ್ಲಿ ಫ್ಯಾಟ್ ತೆಗೆಯುವವರು ಕ್ಯಾನನ್ನು ಚೆನ್ನಾಗಿ ಕಲಕದೆ ಮಾದರಿ ತೆಗೆದರೆ ಏನಾಗುತ್ತದೆ? ಜಗಳವಾಗುತ್ತದೆ! ಮೇಲಿನ ಹಾಲಿನಲ್ಲಿ ಒಂದು ಫ್ಯಾಟ್, ಕೆಳಗಿನ ಹಾಲಿನಲ್ಲಿ ಇನ್ನೊಂದು. ಮಲದ ಮಾದರಿಯೂ ಹಾಗೆಯೇ, ಅದಕ್ಕಿಂತ ಕಷ್ಟ. ಗಾಜಿನ ಪಟ್ಟಿಯ ಮೇಲೆ ಹಚ್ಚಿ ನೋಡುವುದು ಸುಮಾರು 2 ಮಿಲಿಗ್ರಾಂ ಮಾತ್ರ. ದಿನದ ಮಲ 200 ಗ್ರಾಂ ಎಂದಿಟ್ಟುಕೊಂಡರೆ ಲಕ್ಷದಲ್ಲಿ ಒಂದು ಪಾಲು. ಲಾಡಿಹುಳು ದಿನಾಲೂ ತುಂಡು ಕಳಚುವುದಿಲ್ಲ. ಮೊಟ್ಟೆ ತುಂಡಿನೊಳಗೇ ಮುಚ್ಚಿಕೊಂಡು ಹೊರಗೆ ಹೋಗಿಬಿಡಬಹುದು. ಆದ್ದರಿಂದ ಒಂದು ಸಲ ನೋಡಿ ಏನೂ ಇಲ್ಲ ಎಂದರೆ ಹುಳು ಇಲ್ಲವೆಂದು ಅರ್ಥವಲ್ಲ. ಬೇರೆ ಬೇರೆ ದಿನಗಳ ಮೂರು ಮಾದರಿ ಕೊಡಬೇಕು. ಪ್ರಯೋಗಾಲಯದವರು ಮಲವನ್ನು ಸೋಸಿ, ತಿರುಗುವ ಯಂತ್ರದಲ್ಲಿ ತಳಕ್ಕೆ ಇಳಿಸಿ ನೋಡಿದರೆ ಮೊಟ್ಟೆ ಸಿಗುವ ಸಂಭವ ಹೆಚ್ಚು. ಕೇಟೋ-ಕಾಟ್ಜ್ ಎಂಬ ಇನ್ನೊಂದು ವಿಧಾನದಲ್ಲಿ ತೂತಿರುವ ಸಣ್ಣ ಅಚ್ಚಿನಿಂದ 41.7 ಮಿಲಿಗ್ರಾಂ ಅಳೆದು ನೋಡುತ್ತಾರೆ. ಬಡ ದೇಶಗಳಲ್ಲಿ ಊರೂರು ಸಮೀಕ್ಷೆ ಮಾಡಲು ಇದು ಅಗ್ಗದ ದಾರಿ. ಆದರೆ ದುಂಡುಹುಳು, ಕೊಕ್ಕೆಹುಳುಗಳಿಗೆ ಒದಗಿದಷ್ಟು ಲಾಡಿಹುಳುವಿಗೆ ಇದು ಒದಗುವುದಿಲ್ಲ.

ಕಾಲದ ಪ್ರಶ್ನೆಯೂ ಇದೆ. ಕೃತಕ ಗರ್ಭಧಾರಣೆ ಮಾಡಿಸಿದ ಮಾರನೆಯ ವಾರವೇ ಗರ್ಭ ಪರೀಕ್ಷೆ ಮಾಡಿ ಎಂದರೆ ನಮ್ಮ ಪಶುವೈದ್ಯರು ನಗುತ್ತಾರೆ. ಹುಳು ಹೊಟ್ಟೆ ಸೇರಿ ಬಲಿತು ತುಂಡು ಕಳಚಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಮಲದಲ್ಲಿ ಮೊಟ್ಟೆ ಹುಡುಕಿ ಫಲವಿಲ್ಲ. ಔಷಧಿ ಕೊಟ್ಟ ಮೇಲೂ ಹಾಗೆಯೇ. ಹುಳುವಿನ ತಲೆ ಒಳಗೆ ಉಳಿದುಬಿಟ್ಟರೆ ಮತ್ತೆ ಉದ್ದ ಬೆಳೆಯುತ್ತದೆ. ಅದಕ್ಕೇ ಮೂರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ.

ಇನ್ನೂ ಒಂದು ತೊಡಕು. ಹಂದಿಯ ಹುಳುವಿನ ಮೊಟ್ಟೆ, ದನದ ಹುಳುವಿನ ಮೊಟ್ಟೆ, ಇವೆರಡನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಬೇರೆ ಮಾಡಿ ಹೇಳಲಾಗುವುದಿಲ್ಲ. ವ್ಯತ್ಯಾಸ ಹೇಳುವುದು ತುಂಡು. ಅದನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಬೆಳಕಿಗೆ ಹಿಡಿದರೆ ಅದರ ಗರ್ಭಕೋಶ ಮರದ ಕೊಂಬೆಯಂತೆ ಕವಲೊಡೆದಿರುವುದು ಕಾಣುತ್ತದೆ. ಕಾಣದಿದ್ದರೆ ಸಣ್ಣ ಸೂಜಿಯಿಂದ ಒಂದು ಹನಿ ಕಪ್ಪು ಮಸಿ ಒಳಗೆ ಬಿಡುತ್ತೇವೆ. ಒಂದು ಬದಿಯ ಮುಖ್ಯ ಕವಲುಗಳನ್ನು ಎಣಿಸಬೇಕು. ಹತ್ತರ ಆಸುಪಾಸು ಅಥವಾ ಕಡಿಮೆ ಇದ್ದರೆ ಹಂದಿಯ ಹುಳು. ಹದಿನೈದು ದಾಟಿದರೆ ದನದ ಹುಳು. ನಡುವಿನ ಸಂಖ್ಯೆ ಬಂದರೆ ಖಚಿತವಾಗಿ ಹೇಳಬಾರದು. ಆ ಚಿಕ್ಕಪ್ಪನ ತುಂಡಿನಲ್ಲಿ ನಾನು ಎಣಿಸಿದ್ದು ಒಂಬತ್ತು. ಒಂದು ಸೂಜಿ, ಒಂದು ಹನಿ ಮಸಿ, ಎರಡು ಗಾಜು: ಎಮ್ಮೆ ಮಾರಿ ಮಾಡಿಸಿದ ಸ್ಕ್ಯಾನ್ ಹೇಳದೇ ಇದ್ದದ್ದನ್ನು ಇಷ್ಟು ಹೇಳಿತು.

ತುಂಡು ಹೊರಬರುವ ರೀತಿಯಲ್ಲೂ ಸುಳಿವಿದೆ. ದನದ ಹುಳುವಿನ ತುಂಡು ಚಟುವಟಿಕೆಯಿಂದ ಹರಿದಾಡುತ್ತದೆ, ತಾನಾಗಿಯೇ ಹೊರಬಂದು ಬಟ್ಟೆಯಲ್ಲಿ ಹಾಸಿಗೆಯಲ್ಲಿ ಸಿಗುತ್ತದೆ. ಅದನ್ನು ಕಂಡವರು ಹೆದರಿ ಓಡಿ ಬರುತ್ತಾರೆ. ಹೆಚ್ಚು ಅಪಾಯದ ಹಂದಿಯ ಹುಳು ಮಾತ್ರ ಸದ್ದಿಲ್ಲದೆ ಮಲದ ಜೊತೆ ಹೋಗಿಬಿಡುತ್ತದೆ. ಹೊಟ್ಟೆನೋವೂ ಇರದೇ ಇರಬಹುದು. ಹೊರಳಿ ನೋಡದವರಿಗೆ ಗೊತ್ತೇ ಆಗುವುದಿಲ್ಲ.

ಮಲದಲ್ಲಿ ಮೊಟ್ಟೆಯ ಬದಲು ಹುಳುವಿನ ಅಂಶವನ್ನೇ ಹುಡುಕುವ ಪರೀಕ್ಷೆ 1990ರ ಸುಮಾರಿಗೆ ಬಂತು. ಸೂಕ್ಷ್ಮದರ್ಶಕಕ್ಕಿಂತ ಹೆಚ್ಚು ಜನರನ್ನು ಅದು ಹಿಡಿಯುತ್ತದೆ, ಆದರೆ ಯಾವ ಜಾತಿಯ ಹುಳು ಎಂದು ಹೇಳುವುದಿಲ್ಲ. ಅದು ಸಂಶೋಧನಾ ಕೇಂದ್ರಗಳಲ್ಲಿ ಸಿಗುವ ಪರೀಕ್ಷೆ, ತಾಲ್ಲೂಕಿನಲ್ಲಿ ಕೇಳಿದರೆ ಸಿಗದು.

ರಕ್ತಪರೀಕ್ಷೆ ಮಾಡಿಸಿದರೆ ಆಗದೇ ಎಂದು ಕೇಳುತ್ತಾರೆ. 1989ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು ಒಂದು ಒಳ್ಳೆಯ ರಕ್ತಪರೀಕ್ಷೆ ಹೊರತಂದರು. ಮೆದುಳಿನಲ್ಲಿ ಎರಡು ಅಥವಾ ಹೆಚ್ಚು ಜೀವಂತ ಗುಳ್ಳೆಗಳಿದ್ದರೆ ಬಹುತೇಕ ತಪ್ಪದೆ ಹಿಡಿಯುತ್ತದೆ. ನಮ್ಮ ದುರದೃಷ್ಟ, ಭಾರತದಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಒಂದು, ಅದೂ ಸಾಯುತ್ತಿರುವ ಗುಳ್ಳೆ. ಅಂಥವರಲ್ಲಿ ಅನೇಕರಿಗೆ ರಕ್ತದಲ್ಲಿ ಏನೂ ಇಲ್ಲವೆಂದೇ ಬರುತ್ತದೆ. ಇನ್ನೊಂದು ಕಡೆ, ಪರೀಕ್ಷೆ ಹೌದು ಎಂದರೂ ಎಂದೋ ಮೊಟ್ಟೆ ಮೈಗೆ ಸೋಕಿತ್ತು ಎನ್ನುವುದಷ್ಟೇ ಅರ್ಥವಾಗಬಹುದು. ಕಂದು ಹಾಕುವ ಬ್ರುಸೆಲ್ಲಾ ರೋಗಕ್ಕೆ ಕ್ಯಾನಿನ ಹಾಲನ್ನು ಪರೀಕ್ಷಿಸುವುದು ನಿಮಗೆ ಗೊತ್ತು. ಮಂದೆಯಲ್ಲಿ ರೋಗವಿದೆ ಎಂದು ಅದು ಹೇಳೀತು, ಯಾವ ಹಸುವಿಗೆ ಎಂದು ಹೇಳದು. ರಕ್ತಪರೀಕ್ಷೆಯ ಉಪಯೋಗವೂ ಹೆಚ್ಚುಕಡಿಮೆ ಅದೇ: ಊರನ್ನು ಅಳೆಯಲು ಒಳ್ಳೆಯದು, ಒಬ್ಬ ರೋಗಿಯ ಬಗ್ಗೆ ಅದೊಂದನ್ನೇ ನಂಬಬಾರದು.

ಇನ್ನು ಮೆದುಳಿನ ಗುಳ್ಳೆಯನ್ನು ಕಣ್ಣಿಂದ ನೋಡುವ ಮಾತು. ಇದರ ಹಳೆಯ ಅಧ್ಯಾಯ ನಮ್ಮ ದೇಶದ್ದೇ. ಭಾರತದಲ್ಲಿ ಸೇವೆ ಮಾಡಿ ಊರಿಗೆ ಮರಳಿದ ಬ್ರಿಟಿಷ್ ಸಿಪಾಯಿಗಳಿಗೆ ವರ್ಷಗಳ ನಂತರ ಮೂರ್ಛೆ ಬರತೊಡಗಿತು. 1930ರ ದಶಕದಲ್ಲಿ ಅವರ ಸೈನ್ಯದ ವೈದ್ಯರು ಇದರ ಬೆನ್ನು ಹತ್ತಿದರು. ತಲೆಯೊಳಗೆ ನೋಡುವ ಯಂತ್ರ ಆಗ ಇರಲಿಲ್ಲ. ತೊಡೆಯ ಎಕ್ಸ್-ರೇ ತೆಗೆದರು! ಸತ್ತು ಸುಣ್ಣಗಟ್ಟಿದ ಗುಳ್ಳೆಗಳು ಮಾಂಸದಲ್ಲಿ ಅಕ್ಕಿಕಾಳಿನಂತೆ ಕಂಡವು. ಚರ್ಮದ ಕೆಳಗಿನ ಗಂಟುಗಳನ್ನು ಕೈಯಿಂದ ತಡವಿ ಹುಡುಕಿದರು. ಹೀಗೆ ಪತ್ತೆಯಾದ 450 ಜನರ ವಿವರ 1961ರಲ್ಲಿ ಪ್ರಕಟವಾಯಿತು. ಇಂದಿಗೂ ಸ್ಕ್ಯಾನ್ ಇಲ್ಲದ ಕಡೆ ಈ ಎರಡು ಉಪಾಯಗಳು ಕೈಬಿಡುವಂಥವಲ್ಲ. ಎದೆಯ ಮೇಲೆ, ತೋಳಿನಲ್ಲಿ ಅವರೆಕಾಳಿನ ಗಾತ್ರದ, ನೋವಿಲ್ಲದ, ಜಾರಾಡುವ ಗಂಟುಗಳಿದ್ದು ಫಿಟ್ಸ್ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅವರು ನೋಡದಿದ್ದರೆ ನೀವೇ ಹೇಳಿ.

ಏನೂ ಇಲ್ಲದ ಕಡೆ ಪತ್ತೆ ಹಚ್ಚಿದ ಇನ್ನೊಂದು ಪ್ರಸಂಗ ಇಂಡೋನೇಷಿಯಾದ ಪೂರ್ವದ ತುದಿಯ ಪಪುವಾ ಗುಡ್ಡಗಾಡಿನದು. 1970ರ ದಶಕದ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗೆ ಸುಟ್ಟ ಗಾಯದವರು ಒಬ್ಬರ ಹಿಂದೊಬ್ಬರು ಬರತೊಡಗಿದರು. ಚಳಿಯ ಸೀಮೆ, ಗುಡಿಸಲಿನ ನಡುವೆ ಬೆಂಕಿ ಹಾಕಿಕೊಂಡು ಸುತ್ತ ಮಲಗುವ ಜನ. ನಿದ್ದೆಯಲ್ಲಿ ಮೂರ್ಛೆ ಬಂದು ಬೆಂಕಿಗೆ ಉರುಳುತ್ತಿದ್ದರು. ಇಷ್ಟೊಂದು ಜನ ಒಮ್ಮೆಲೇ ಏಕೆ ಸುಟ್ಟುಕೊಳ್ಳುತ್ತಿದ್ದಾರೆ ಎಂದು ವೈದ್ಯರು ವಿಚಾರಿಸಿದಾಗ ಚರ್ಮದ ಗಂಟುಗಳೂ ಮಲದಲ್ಲಿ ಲಾಡಿಹುಳುವೂ ಸಿಕ್ಕವು. ಬಾಲಿ ದ್ವೀಪದಿಂದ ತಂದ ಹಂದಿಗಳೊಡನೆ ಹುಳು ಅಲ್ಲಿಗೆ ಬಂದಿತ್ತು. ಅಲ್ಲಿ ಮೊದಲ ಸುಳಿವು ಕೊಟ್ಟದ್ದು ಯಾವ ಪ್ರಯೋಗಾಲಯವೂ ಅಲ್ಲ, ಸುಟ್ಟ ಗಾಯದ ವಾರ್ಡು.

ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಚಿತ್ರ ಬದಲಾಯಿತು, ಆದರೆ ಹೊಸ ಗೊಂದಲವೂ ಬಂತು. ನನ್ನ ಹುಡುಗನ ತಲೆಯಲ್ಲಿ ಕಂಡ ಉಂಗುರದ ಕಲೆ ನಮ್ಮ ದೇಶದಲ್ಲಿ ಸಾವಿರಾರು ಜನರಲ್ಲಿ ಕಾಣುತ್ತಿತ್ತು. ಕ್ಷಯ ಹೆಚ್ಚಿರುವ ದೇಶವಾದ್ದರಿಂದ ಎಲ್ಲರೂ ಕ್ಷಯವೆಂದೇ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಕಲೆ ಮಾಯವಾಗುತ್ತಿತ್ತು, ಮಾತ್ರೆಗೆ ಕೀರ್ತಿ ಬರುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನರಶಸ್ತ್ರವೈದ್ಯರಾದ ಮ್ಯಾಥ್ಯೂ ಚಾಂಡಿ ಮತ್ತು ವೇದಾಂತಂ ರಾಜಶೇಖರ್ ಅವರು 1980ರ ದಶಕದ ಕೊನೆಯಲ್ಲಿ, 1990ರ ದಶಕದ ಆರಂಭದಲ್ಲಿ ಇಂಥ ಕಲೆಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಸಾಯುತ್ತಿರುವ ಲಾಡಿಹುಳುವಿನ ಗುಳ್ಳೆಗಳೆಂದು ತೋರಿಸಿದರು. ಕಲೆ ಒಂದೇ ಇದ್ದು 20 ಮಿಲಿಮೀಟರಿಗಿಂತ ದೊಡ್ಡದಾಗಿರದೆ, ರೋಗಿಯ ತಲೆಯೊಳಗಿನ ಒತ್ತಡ ಏರದೆ, ಕೈಕಾಲಿನ ಬಲ ದಿನೇ ದಿನೇ ಕುಗ್ಗದೆ, ಮೈಯಲ್ಲಿ ಬೇರೆ ಕ್ಷಯದ ಲಕ್ಷಣ ಇರದೆ ಹೋದರೆ ಅದನ್ನು ಹುಳುವಿನ ಗುಳ್ಳೆ ಎಂದು ತಿಳಿಯಬಹುದು. ತಲೆ ಕೊರೆಯುವುದೂ ಬೇಡ, ವರ್ಷಗಟ್ಟಲೆ ಕ್ಷಯದ ಮಾತ್ರೆಯೂ ಬೇಡ. ಫಿಟ್ಸ್ ಔಷಧಿ ಕೊಟ್ಟು ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ನೋಡಿ ಎಂದರು. ನಮ್ಮ ಹುಡುಗನ ಕಲೆ ಮಾಯವಾದದ್ದು ಕ್ಷಯದ ಮಾತ್ರೆಯಿಂದಲ್ಲ, ತಾನಾಗಿಯೇ ಎಂದು ನಾನು ನಂಬಿದ್ದೇನೆ. ವೆಲ್ಲೂರಿನ ಈ ಕೆಲಸ ಎಷ್ಟು ಮಕ್ಕಳನ್ನು ಬೇಡದ ಮಾತ್ರೆಗಳಿಂದ ಉಳಿಸಿತೋ, ಅದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಇಂದು ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿ.ಟಿ. ಯಂತ್ರವಿದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಮ್ಮೆ ಮಾರುವ ಕಾಲ ಬಹುಮಟ್ಟಿಗೆ ಹೋಗಿದೆ. ಆದರೂ ಸ್ಕ್ಯಾನ್ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಈ ರೋಗದ ನಿರ್ಣಯಕ್ಕೆ ಪರಿಣತರು ಮಾಡಿಕೊಂಡು, 2001ರಲ್ಲೂ 2017ರಲ್ಲೂ ತಿದ್ದಿದ ಪಟ್ಟಿಯಲ್ಲಿ ಸ್ಕ್ಯಾನಿನ ಜೊತೆಗೆ ಇನ್ನೊಂದು ಅಂಶಕ್ಕೂ ಜಾಗವಿದೆ: ರೋಗಿಯ ಮನೆಯಲ್ಲಿ ಯಾರಿಗಾದರೂ ಲಾಡಿಹುಳು ಇದೆಯೇ? ಆ ತಾಯಿ ತಲೆ ಬಗ್ಗಿಸಿಕೊಂಡು ಹೇಳಿದ ಮಾತಿಗೆ ಅಂತಾರಾಷ್ಟ್ರೀಯ ಪಟ್ಟಿಯಲ್ಲೇ ಬೆಲೆಯಿದೆ ಎಂದಾಯಿತು.

ಪಶುಪಾಲಕರ ಕಣ್ಣಿಗೂ ಬೆಲೆಯಿದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಂದಿ ವ್ಯಾಪಾರಿಗಳು ಕೊಳ್ಳುವ ಮೊದಲು ಹಂದಿಯ ಬಾಯಿ ತೆರೆದು ನಾಲಿಗೆಯ ಕೆಳಗೆ ಗಂಟುಗಳಿವೆಯೇ ಎಂದು ನೋಡುತ್ತಾರೆ. ನಾವು ಎಮ್ಮೆಯ ಹಲ್ಲು ನೋಡುವ ಹಾಗೆ. ಅಲ್ಲಿನ ವಿಜ್ಞಾನಿಗಳು ಈ ರೂಢಿಯನ್ನೇ ಹಿಡಿದು, ನಾಲಿಗೆಯಲ್ಲಿ ಗಂಟು ಸಿಕ್ಕ ಹಂದಿಯ ಸುತ್ತ 100 ಮೀಟರ್ ಒಳಗಿನ ಮನೆಗಳವರನ್ನು ಪರೀಕ್ಷಿಸಿ ಔಷಧಿ ಕೊಡುವ ಕ್ರಮವನ್ನು ಪ್ರಯೋಗ ಮಾಡಿದರು. ಹಂದಿಗೆ ಗುಳ್ಳೆ ಇದೆಯೆಂದರೆ ಹುಳು ಇರುವ ಮನುಷ್ಯ ಹತ್ತಿರದಲ್ಲೇ ಇದ್ದಾನೆ. ಆ ದೇಶದ ತುಂಬೆಸ್ ಪ್ರಾಂತದಲ್ಲಿ ಜನರಿಗೂ ಹಂದಿಗಳಿಗೂ ಒಟ್ಟಿಗೆ ಔಷಧಿ, ಹಂದಿಗಳಿಗೆ ಲಸಿಕೆ ಎಂದು 107 ಹಳ್ಳಿಗಳಲ್ಲಿ ಕೆಲಸ ಮಾಡಿ, 105 ಹಳ್ಳಿಗಳಲ್ಲಿ ರೋಗವಿರುವ ಹಂದಿಯೇ ಸಿಗದಂತೆ ಮಾಡಿದ್ದು 2016ರಲ್ಲಿ ಪ್ರಕಟವಾಯಿತು. ಹಂದಿಗಳ ಈ ರೋಗಕ್ಕೆ ಲಸಿಕೆ ತಯಾರಿಸುವ ಕಾರ್ಖಾನೆಗಳಲ್ಲಿ ಒಂದು ನಮ್ಮದೇ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಇಂಡಿಯನ್ ಇಮ್ಯುನೊಲಾಜಿಕಲ್ಸ್. ನಿಮ್ಮ ಹಸುಗಳ ಕಾಲುಬಾಯಿ ಜ್ವರದ ಲಸಿಕೆ ಮಾಡುವವರೂ ಅವರೇ.

ನಾಯಿ ಸಾಕಿದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರಿನ ಪುಟ್ಟ ಲಾಡಿಹುಳು ಒಂದಿದೆ. ಅದರ ಮೊಟ್ಟೆ ಕುರಿ, ದನ, ಮನುಷ್ಯರ ಹೊಟ್ಟೆ ಸೇರಿದರೆ ಈಲಿಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗಡ್ಡೆಯಾಗಿ ನಿಧಾನವಾಗಿ ಬೆಳೆಯುತ್ತದೆ. ಮನುಷ್ಯರಲ್ಲಿ ಇದಕ್ಕೆ ಮಲಪರೀಕ್ಷೆ ಪ್ರಯೋಜನವಿಲ್ಲ. ಹೊಟ್ಟೆಯ ಗಡ್ಡೆಯನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಕೀನ್ಯಾದ ತುರ್ಕಾನಾ ಎಂಬ ಮರುಭೂಮಿಯಂಥ ಸೀಮೆಯಲ್ಲಿ 1980ರ ದಶಕದಲ್ಲೇ ಕೈಯಲ್ಲಿ ಹೊತ್ತೊಯ್ಯುವ ಅಲ್ಟ್ರಾಸೌಂಡ್ ಯಂತ್ರದಿಂದ ದನಗಾಹಿಗಳ ಹೊಟ್ಟೆಯನ್ನು ಅವರಿದ್ದಲ್ಲೇ ಹೋಗಿ ನೋಡಿದರು. ಅಂಥ ಗಡ್ಡೆಗೆ ಗೊತ್ತಿಲ್ಲದವರಿಂದ ಸೂಜಿ ಚುಚ್ಚಿಸಬೇಡಿ, ಒಳಗಿನ ನೀರು ಸೋರಿದರೆ ಜೀವಕ್ಕೇ ಕುತ್ತು. ಕುರಿ ದನ ಕೊಯ್ದಾಗ ಗುಳ್ಳೆಯಿರುವ ಈಲಿಯನ್ನು ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ.

ಈಗ ಬೆಳಿಗ್ಗೆ ಕೆಲವರು ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಗಳು. ಶಾಲೆಯಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲ, ಸಾಲದೇ ಎಂದು ಒಬ್ಬರು ಕೇಳಿದ್ದಾರೆ. 2015ರಿಂದ ನಡೆಯುತ್ತಿರುವ ಆ ಕಾರ್ಯಕ್ರಮ ಒಳ್ಳೆಯದು, ತಪ್ಪಿಸಬೇಡಿ. ಆದರೆ ಒಂದು ಸಲ ಕೊಡುವ ಆ ಅಲ್ಬೆಂಡಜೋಲ್ ಮಾತ್ರೆ ದುಂಡುಹುಳು ಕೊಕ್ಕೆಹುಳುಗಳಿಗಾಗಿ ಇರುವುದು. ಲಾಡಿಹುಳು ಅದರಿಂದ ಹೋಗೇ ಹೋಗುತ್ತದೆಂದು ನಂಬುವಂತಿಲ್ಲ.

ಹಾಗಾದರೆ ಲಾಡಿಹುಳುವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಮನೆಯವರೆಲ್ಲ ನುಂಗಬಹುದೇ? ಬೇಡ. ದನದ ಔಷಧಿಯನ್ನಂತೂ ಮುಟ್ಟಲೇಬೇಡಿ. ಗೊತ್ತಿಲ್ಲದೆ ಮೆದುಳಿನಲ್ಲಿ ಗುಳ್ಳೆ ಇದ್ದವರಿಗೆ ಪ್ರಾಜಿಕ್ವಾಂಟೆಲ್‌ನಂಥ ಔಷಧಿ ಅಲ್ಲಿಗೂ ಮುಟ್ಟಿ, ಗುಳ್ಳೆ ಕೆರಳಿ ಫಿಟ್ಸ್ ಬರಬಹುದು. ನಿಕ್ಲೋಸಮೈಡ್ ಕರುಳಿನಲ್ಲೇ ಉಳಿಯುವುದರಿಂದ ಆ ಭಯ ಇಲ್ಲ. ಯಾರಿಗೆ ಯಾವುದು ಎಂದು ಡಾಕ್ಟರು ಕೇಳಿ ತಿಳಿದು ಕೊಡಬೇಕು. ಆದ್ದರಿಂದಲೇ ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಅವರು ಕೇಳಿದಾಗ ಮುಚ್ಚಿಡಬೇಡಿ, ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದರೂ ಸರಿಯೇ. ಮೆದುಳಿನ ಗುಳ್ಳೆಗೆ ಬೇರೆ ಕ್ರಮದ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಸೂಚನೆಯಂತೆ ಹುಳುವಿನ ಔಷಧಿಯ ಜೊತೆಗೆ ಊತ ತಗ್ಗಿಸುವ ಔಷಧಿಯನ್ನೂ ಕೊಡುತ್ತಾರೆ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಬಂದಾಗ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಬೀಗದ ಕೈ ಬೀಗದಲ್ಲೇ ಇರಲಿ.

ಕೊನೆಯ ಚೀಟಿ ಒಬ್ಬ ತಾಯಿಯದು, ಹೆಸರಿಲ್ಲ. "ತುಂಡು ಕಂಡರೆ ಏನು ಮಾಡಬೇಕು, ಹೇಗೆ ತರಬೇಕು?" ಎಂದಿದೆ. ಬಹಳ ಸಂತೋಷವಾಯಿತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಕೇಳಿ. ತುಪ್ಪದ ಡಬ್ಬಿ, ಉಪ್ಪಿನಕಾಯಿ ಸೀಸೆ ಬೇಡ. ಅದು ಮತ್ತೆ ಅಡಿಗೆ ಮನೆಗೆ ಬರುತ್ತದೆ. ತುಂಡನ್ನು ಕಡ್ಡಿಯಿಂದ ಎತ್ತಿ, ಬರಿಗೈಯಿಂದ ಮುಟ್ಟದೆ, ಡಬ್ಬಿಗೆ ಹಾಕಿ, ಅದು ಮುಳುಗುವಷ್ಟು ಸ್ವಲ್ಪ ಉಪ್ಪು ಬೆರೆಸಿದ ತಿಳಿನೀರು ಹಾಕಿ. ಫಿನಾಯಿಲ್, ಸುಣ್ಣ, ಅರಿಶಿನದ ನೀರು ಹಾಕಿದರೆ ನಮಗೆ ಕವಲು ಎಣಿಸಲಾಗುವುದಿಲ್ಲ. ಮಲದ ಮಾದರಿಯಾದರೆ ಮೂತ್ರ, ಮಣ್ಣು ಸೇರದಂತೆ ಅಡಿಕೆ ಗಾತ್ರದಷ್ಟು ಸಾಕು, ಅದಕ್ಕೆ ನೀರು ಬೇಡ. ಡಬ್ಬಿಯ ಮೇಲೆ ಹೆಸರು, ತಾರೀಖು ಬರೆಯಿರಿ. ಒಂದೇ ಮನೆಯ ನಾಲ್ಕು ಡಬ್ಬಿ ಬಂದು ಯಾವುದು ಯಾರದೆಂದು ತಿಳಿಯದೆ ಎಲ್ಲವನ್ನೂ ಚೆಲ್ಲಿದ ಅನುಭವ ನಮಗಿದೆ. ಸೋಪು ಹಚ್ಚಿ ಕೈ ತೊಳೆದು, ಅದೇ ಬೆಳಿಗ್ಗೆ ತನ್ನಿ. ಹೆಣ್ಣುಮಕ್ಕಳು ಡಾಕ್ಟರ ಎದುರು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟರೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದರೂ ನಡೆಯುತ್ತದೆ, ಡಬ್ಬಿಯೇ ಮಾತಾಡುತ್ತದೆ.

ಆ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥ. ಫಿಟ್ಸ್ ನಿಂತು ಬಹಳ ವರ್ಷಗಳಾದವು. ತಂಗಿ ಇನ್ನೂ ದಿನಕ್ಕೆರಡು ಮಾತ್ರೆ ತೆಗೆದುಕೊಳ್ಳುತ್ತಾಳೆ; ಅವಳ ಮೆದುಳಿನ ಗುಳ್ಳೆ ಸುಣ್ಣಗಟ್ಟಿ ಅಲ್ಲೇ ಉಳಿದಿದೆ. ಇಬ್ಬರ ಮನೆಯಲ್ಲೂ ಹಸುಗಳಿವೆ, ಸಂಘಕ್ಕೆ ಹಾಲು ಹಾಕುತ್ತಾರೆ.

 ಡಬ್ಬಿಗಳನ್ನು ತಂದಿದ್ದೇನೆ. ಊಟದ ನಂತರ ಬಾಗಿಲ ಬಳಿ ಮೇಜಿನ ಮೇಲೆ ಇಟ್ಟಿರುತ್ತೇನೆ. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗಬಹುದು.